ಆಲೆಮನೆ ಒಳಗಿನ ಫೋಟೊ: ಮೊದಲು 50 ಎಂಎಂ ಲೆನ್ಸಾ, ಫ್ಲ್ಯಾಶಾ?

ಮೈಸೂರು ಮಳೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು ಕ್ಯಾನನ್ 200ಡಿ ಮಾರ್ಕ್ 2, ಅದರ ಜೊತೆ ಬಂದ 18-55 ಕಿಟ್ ಲೆನ್ಸ್ (ಎಫ್ 4-5.6; ಎಫ್ ಅಂದ್ರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆಗಳ ಒಂದು ಸರಣಿ ತೆಗೀತಾ ಇದ್ದೀನಿ. ಹೊರಗಿನದೆಲ್ಲ ಚೆನ್ನಾಗೇ ಬರ್ತಿದೆ: ಕಬ್ಬಿನ ರಾಶಿ, ಗಾಣ, ಬಿಸಿಲಿಗೆ ಹರಡಿದ ಸಿಪ್ಪೆ. ಕೊಪ್ಪರಿಗೆ ಹತ್ರ ಬಂದ್ರೆ ಸಮಸ್ಯೆ. ಝೂಮ್ ಮಾಡಿ ಎಫ್ 5.6ಕ್ಕೆ ಹೋದ್ರೆ ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಸ್ಪಂದಿಸೋ ಮಟ್ಟ) 6400 ಇಟ್ರೂ ಶಟರ್ 1/60 ಸೆಕೆಂಡ್ ದಾಟಲ್ಲ. ಬೆಲ್ಲ ತಿರುವುವವರ ಕೈ ಕಲಸಿಹೋಗುತ್ತೆ, ನೆರಳಲ್ಲೆಲ್ಲ ನಾಯ್ಸ್ (ಮರಳಿನಂಥ ಚುಕ್ಕೆ). ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಎತ್ತಿದ್ರೆ ಮುಂದಿನ ಆವಿಯೇ ಬೆಳ್ಳಗೆ ಹೊಳೆದು ಹಿಂದಿರೋ ಮನುಷ್ಯ ಕಾಣೋದೇ ಇಲ್ಲ.

ಕೈಯಲ್ಲಿ ಹತ್ತು ಸಾವಿರದ ಆಸುಪಾಸು ಇದೆ. 50 ಎಂಎಂ ಎಫ್ 1.8 ತಗೊಳ್ಳಲಾ, ಇಲ್ಲ ಒಂದು ಫ್ಲ್ಯಾಶ್ ತಗೊಳ್ಳಲಾ? ಎರಡೂ ಒಟ್ಟಿಗೆ ಆಗಲ್ಲ. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ.

ಐವತ್ತು ಎಂಎಂ:
50 ತಗೊಳ್ಳಿ ಮೇಡಂ, ಎರಡನೇ ಯೋಚನೆ ಬೇಡ. ಲೆಕ್ಕ ನೋಡಿ: ಎಫ್ 5.6ರಿಂದ ಎಫ್ 1.8ಕ್ಕೆ ಬಂದ್ರೆ ಮೂರೂಕಾಲು ಸ್ಟಾಪ್‌ಗಿಂತ ಚೂರು ಜಾಸ್ತಿ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು), ಅಂದ್ರೆ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. ಈಗ ಐಎಸ್‌ಓ 6400ರಲ್ಲಿ ತೆಗೀತಿರೋ ಫೋಟೊ ಅದೇ 1/60ಕ್ಕೆ ಐಎಸ್‌ಓ 640ರಲ್ಲಿ ಬರುತ್ತೆ. ಇಲ್ಲ ಐಎಸ್‌ಓ 2500 ಇಟ್ಕೊಂಡು ಶಟರ್ 1/250ಕ್ಕೆ ಏರಿಸಿ, ಕೈ ನಿಂತು ಬರುತ್ತೆ.

ಹಳೇದು ಹುಡುಕೋದಾದ್ರೆ 2015ರಲ್ಲಿ ಬಂದ ಎಸ್‌ಟಿಎಂ (ಕಮ್ಮಿ ಸದ್ದಿನ ಫೋಕಸ್ ಮೋಟಾರಿನ) ಮಾದರಿಯನ್ನೇ ಹುಡುಕಿ. ಅದಕ್ಕಿಂತ ಹಿಂದಿನ 50 ಎಂಎಂ ಮಾರ್ಕ್ 2ರಲ್ಲಿ ಮೌಂಟ್ (ಕ್ಯಾಮೆರಾಗೆ ಕೂರೋ ಬಳೆ) ಪ್ಲಾಸ್ಟಿಕ್, ಅಪರ್ಚರ್‌ಗೆ (ಬೆಳಕು ಬಿಡೋ ಕಿಂಡಿಗೆ) ಐದೇ ಎಲೆ, ಫೋಕಸ್ ಮಾಡುವಾಗ ಗರಗರ ಸದ್ದು. ಎಸ್‌ಟಿಎಂಗೆ ಲೋಹದ ಮೌಂಟ್, ಏಳು ಎಲೆ, 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತೆ.

ಸಂಜೆಗತ್ತಲು:
50ಕ್ಕೆ ನನ್ನದೂ ಒಂದು ಓಟು.

ರೀಲ್ ಕಾಲದವ:
ಅವಸರ ಬೇಡಿ. ಕ್ಯಾನನ್‌ನ ಚಿತ್ರ ಹಿಡಿಯೋ ಈ ಸೈಜಿನ ಸೆನ್ಸರ್‌ನಲ್ಲಿ 50 ಅಂದ್ರೆ 1.6ರಿಂದ ಗುಣಿಸಿ, 80 ಎಂಎಂನ ಕಿರಿದಾದ ನೋಟ. ಆಲೆಮನೆ ಒಳಗೆ ಹಿಂದೆ ಸರಿಯೋಣ ಅಂದ್ರೆ ಗೋಡೆ, ಇಲ್ಲ ಸಿಪ್ಪೆ ರಾಶಿ. 80ರಲ್ಲಿ ಮುಖ ಸಿಗುತ್ತೆ, ಕೈ ಸಿಗುತ್ತೆ. ಕೊಪ್ಪರಿಗೆ, ಒಲೆ, ಮಾಡು, ನಾಲ್ಕು ಜನ ಎಲ್ಲ ಸೇರಿದ ಫೋಟೊ ಸಿಗಲ್ಲ.

ಇನ್ನೊಂದು ವಿಷಯ. ಎಫ್ 1.8ರಲ್ಲಿ ಎರಡು ಮೀಟರ್ ದೂರದ ಮನುಷ್ಯನನ್ನ ತೆಗೆದ್ರೆ ಸ್ಪಷ್ಟವಾಗಿರೋ ಆಳ ಸುಮಾರು ಹತ್ತು ಸೆಂಟಿಮೀಟರ್ ಅಷ್ಟೇ. ಮುಖ ಸ್ಪಷ್ಟ ಆದ್ರೆ ಮುಂದೆ ಚಾಚಿದ ಕೈ ಮಸುಕು. ಆ ಸರಣಿಗೆ ಕೈಯೇ ಮುಖ್ಯ ಅಲ್ವಾ?

24 ಎಂಎಂ ಎಫ್ 2.8 ನೋಡಿ. ಬಿಸ್ಕತ್ತಿನಷ್ಟು ತೆಳು, 38 ಎಂಎಂ ನೋಟ ಕೊಡುತ್ತೆ, 16 ಸೆಂಟಿಮೀಟರ್ ಹತ್ತಿರದ ಅಚ್ಚುಬೆಲ್ಲಕ್ಕೂ ಫೋಕಸ್ ಆಗುತ್ತೆ.

ಐವತ್ತು ಎಂಎಂ:
ಸಾರ್, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ. 2.8 ಅಂದ್ರೆ 1.8ಕ್ಕಿಂತ ಒಂದೂಕಾಲು ಸ್ಟಾಪ್‌ಗೂ ಜಾಸ್ತಿ ಬೆಳಕು ಕೈಬಿಟ್ಟ ಹಾಗೆ. ಕಿಟ್ ಲೆನ್ಸೇ 18ರಲ್ಲಿ ಎಫ್ 4 ಕೊಡುತ್ತೆ, ಅದರಲ್ಲಿ ಕೈ ಅಲುಗಾಟ ತಡೆಯೋ ಸ್ಟೆಬಿಲೈಸರ್ ಬೇರೆ ಇದೆ. 4ರಿಂದ 2.8ಕ್ಕೆ ಒಂದೇ ಸ್ಟಾಪ್. ಒಂದು ಸ್ಟಾಪ್‌ಗೋಸ್ಕರ ಇರೋ ದುಡ್ಡೆಲ್ಲ ಸುರೀಬೇಕಾ?

ರೀಲ್ ಕಾಲದವ:
ಒಪ್ಪಿದೆ, ಲೆಕ್ಕ ಸರಿ. ಹಾಗಾದ್ರೆ ಒಂದು ಕೆಲಸ ಮಾಡಿ. ಅಗಲದ ನೋಟಕ್ಕೆ ಕಿಟ್ ಲೆನ್ಸನ್ನೇ 18ರಲ್ಲಿ ನಿಲ್ಲಿಸಿ ಎಫ್ 4, 1/30. ಜನ ಚೂರು ಅಲುಗಾಡಿದ್ರೂ ಬಿಡಿ, ಸೌಟು ತಿರುಗೋದು ಫೋಟೊದಲ್ಲಿ ಗೊತ್ತಾಗಲಿ. ಕೊಪ್ಪರಿಗೆ ಅಂಚು, ಕಂಬ, ಒಲೆ ಬಾಯಿ ನಿಂತಿದ್ರೆ ಸಾಕು, ಕಣ್ಣು ಅದನ್ನ ಹಿಡ್ಕೊಳ್ಳುತ್ತೆ. ಮುಖಕ್ಕೆ, ಕೈಗೆ 50.

ಆದ್ರೆ 50ನ ಎಫ್ 2.8ಕ್ಕೆ ಇಳಿಸಿ ತೆಗೀರಿ ಅಂತ ನನ್ನ ಹಟ ಇದ್ದೇ ಇದೆ.

ಪಾಂಡವಪುರದ ಹೈದ:
ನಮ್ಮನೇದೇ ಆಲೆಮನೆ ಐತೆ, ಅದ್ಕೇ ನಾನೂ ಒಂದ್ ಮಾತು ಹೇಳ್ತೀನಿ. ಲೆನ್ಸು ಯಾವ್ದಾದ್ರೂ ತಗೊಳಿ ಅಕ್ಕ, ಮೊದ್ಲು ಎಲ್ಲಿ ನಿಂತ್ಕೋಬೇಕು ಅನ್ನೋದು ನೋಡಿ.

ನಮ್ ಕಡೆ ಆಲೆಮನೆಗೆ ನಾಕು ಕಡೆ ಗೋಡೆ ಇರಲ್ಲ. ಒಂದೋ ಎರಡೋ ಕಡೆ ಬಯಲು. ಬಂದೋರೆಲ್ಲ ಆ ಬಯಲು ಕಡೆಯಿಂದ ಒಳಿಕ್ಕೆ ಮುಖ ಮಾಡ್ಕೊಂಡು ಕ್ಯಾಮೆರಾ ಹಿಡೀತಾರೆ. ಅಲ್ಲಿಂದ ಆವಿ ಬರೀ ಬೂದಿ ಬಣ್ಣ. ಒಳಿಕ್ಕೆ ಹೋಗಿ, ಕೊಪ್ಪರಿಗೆ ಆಚೆ ಬದಿಗೆ ನಿಂತು, ಬಯಲು ಕಡೆ ಮುಖ ಮಾಡಿ. ಬೆಳಿಗ್ಗೆ ಏಳೂವರೆ ಎಂಟರ ಬಿಸಿಲು ಓರೆಯಾಗಿ ಬತ್ತದಲ್ಲ, ಅದು ಆವಿ ಒಳಗಿಂದ ತೂರಿ ನಿಮ್ ಕಡೆ ಬತ್ತದೆ. ಆವಾಗ ಒಂದೊಂದು ಸುರುಳಿನೂ ಬಿಡಿಬಿಡಿಯಾಗಿ ಕಾಣ್ತದೆ. ನನ್ ಫೋನಲ್ಲೇ ಚೆಂದಾಗಿ ಬಂದೈತೆ.

ಆಮೇಲೆ ಕಬ್ಬಿನ ಹಾಲು ಕಾಯೋಕೆ ಸುರು ಆದ ತಕ್ಷಣ ಬರೀ ಆವಿ, ಮುಂದ್ಗಡೆ ಇರೋನೇ ಕಾಣಲ್ಲ. ಸುಣ್ಣ ಹಾಕಿ, ಮಡ್ಡಿ ತೆಗೆದು, ಚೆನ್ನಾಗಿ ಕುದ್ದು ಪಾಕ ಗಟ್ಟಿ ಆಗೋ ಹೊತ್ಗೆ ಆವಿ ಕಮ್ಮಿ ಆಯ್ತದೆ. ಬಣ್ಣ ಬದಲಾಗೋದು, ದೊಡ್ಡ ದೊಡ್ಡ ಗುಳ್ಳೆ ಏಳೋದು, ನಮ್ಮ ತಾತ ಬೆರಳಲ್ಲಿ ಪಾಕ ನೋಡೋದು ಎಲ್ಲ ಆವಾಗ್ಲೇ. ಫೋಟೊ ಇರೋದು ಆ ಗಳಿಗೇಲಿ.

ಮೈಸೂರು ಮಳೆ:
ಅಯ್ಯೋ, ಇದು ನಿಜವಾಗ್ಲೂ ಬೇಕಾಗಿದ್ದ ಮಾತು. ತುಂಬಾ ಥ್ಯಾಂಕ್ಸ್. ಕಬ್ಬಿನ ಹಾಲು ಕುದಿಯೋಕೆ ಶುರುವಾದಾಗಲೇ ನಾನು ತೆಗೀತಿದ್ದೆ, ಆವಿ ದಟ್ಟವಾಗಿದ್ರೆ ಚೆಂದ ಅಂತ.

ಆದ್ರೆ ಸಂಜೆ, ರಾತ್ರಿ ಒಲೆ ಉರಿಯೋದನ್ನೂ ತೆಗೀಬೇಕು ಅಂತ ಆಸೆ. ಆಗ ಬಿಸಿಲೇ ಇರಲ್ಲ. ಫ್ಲ್ಯಾಶ್ ಇಲ್ಲದೆ ಆಗುತ್ತಾ?

ರೀಲ್ ಕಾಲದವ:
ಫ್ಲ್ಯಾಶ್ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಓದಿ.

ಹೈವೇಲಿ ಮಂಜು ಮುಸುಕಿದಾಗ ಹೈ ಬೀಮ್ ಹಾಕಿದ್ರೆ ಏನಾಗುತ್ತೆ? ರಸ್ತೆ ಕಾಣಲ್ಲ, ಮಂಜೇ ಕಣ್ಣಿಗೆ ರಾಚುತ್ತೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಆಲೆಮನೇಲಿ ಮಾಡೋದೂ ಅದನ್ನೇ. ಬೆಳಕು ಹೊರಡೋ ಜಾಗ ಲೆನ್ಸಿನ ಪಕ್ಕದಲ್ಲೇ ಇದ್ರೆ ಆವಿಯ ಹನಿಗಳಿಗೆ ಬಡಿದು ನೇರ ವಾಪಸ್ ಬರುತ್ತೆ. ಅದರ ಮೇಲೆ ಬೆಳಕಿನ ಬಲ ದೂರದ ವರ್ಗಕ್ಕೆ ಸರಿಯಾಗಿ ಕುಸಿಯುತ್ತೆ. ಒಂದು ಮೀಟರ್ ದೂರದ ಆವಿಗೆ ಬೀಳೋದರ ಒಂಬತ್ತನೇ ಒಂದು ಭಾಗ ಮಾತ್ರ ಮೂರು ಮೀಟರ್ ದೂರದ ಮನುಷ್ಯನ ಮೇಲೆ ಬೀಳುತ್ತೆ. ಆವಿ ಬೆಳ್ಳಗಾಗದೆ ಇನ್ನೇನಾಗುತ್ತೆ?

ಫ್ಲ್ಯಾಶನ್ನ ಕ್ಯಾಮೆರಾದಿಂದ ಇಳಿಸಿ. ಪಕ್ಕಕ್ಕೆ, ಇನ್ನೂ ಚೆನ್ನಾಗಿ ಬೇಕಂದ್ರೆ ಕೊಪ್ಪರಿಗೆಯ ಹಿಂದೆ ಓರೆಯಾಗಿ, ಒಂದು ಕಂಬದ ಮರೆಯಲ್ಲಿಡಿ. ಹೈದ ಹೇಳಿದ ಬೆಳಗಿನ ಬಿಸಿಲಿನ ಕೆಲಸವನ್ನ ಅದು ಮಾಡುತ್ತೆ. ಪವರ್ 1/16 ಅಥವಾ 1/32 ಸಾಕು, ಪೂರ್ತಿ ಬೇಡ. ಫ್ಲ್ಯಾಶಿನ ಬಣ್ಣ ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಾದಷ್ಟೂ ನೀಲಿ), ಒಲೆಯ ಬೆಂಕಿ 2000ದ ಹತ್ರ. ಹಾಗೇ ಬಿಟ್ರೆ ಆವಿ ನೀಲಿ ಹೊಡೆದು ಬೆಂಕಿ ಒಂದು ಲೋಕ, ಆವಿ ಒಂದು ಲೋಕ ಆಗುತ್ತೆ. ಫ್ಲ್ಯಾಶಿನ ತಲೆಗೆ ಕಿತ್ತಳೆ ಜೆಲ್ ಹಾಳೆ (ಬೆಳಕು ತೂರೋ ಬಣ್ಣದ ಹಾಳೆ) ಕಟ್ಟಿ, 3200ರ ಕಡೆ ಇಳಿಯುತ್ತೆ, ಬೆಂಕಿ ಜೊತೆ ಹೊಂದಿಕೊಳ್ಳುತ್ತೆ.

ಶಟರ್ 1/200 ದಾಟಿಸಬೇಡಿ, ನಿಮ್ಮ ಕ್ಯಾಮೆರಾದ ಸಿಂಕ್ ಮಿತಿ (ಫ್ಲ್ಯಾಶ್ ಜೊತೆ ಹೊಂದೋ ಅತಿ ವೇಗದ ಶಟರ್) ಅಷ್ಟೇ. ದಾಟಿದ್ರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತೆ, ಯಾಕಂದ್ರೆ ಶಟರಿನ ಮೊದಲ ಪರದೆ ಪೂರ್ತಿ ತೆರೆಯೋ ಮುಂಚೆಯೇ ಎರಡನೇದು ಮುಚ್ಚೋಕೆ ಹೊರಟಿರುತ್ತೆ.

ಪಾಂಡವಪುರದ ಹೈದ:
ಸಾರ್, ಬೇಜಾರು ಮಾಡ್ಕೋಬೇಡಿ, ಇದನ್ನ ನಾನು ಒಪ್ಪಲ್ಲ. ಕೊಪ್ಪರಿಗೆ ಮುಂದೆ ನಿಂತಿರೋನ ಕಣ್ಣಿಗೆ ಕತ್ತಲಲ್ಲಿ ಫಳ್ ಅಂತ ಬೆಳಕು ಹೊಡೆದ್ರೆ ಎರಡು ಸೆಕೆಂಡು ಏನೂ ಕಾಣಲ್ಲ. ಅವನ ಮುಂದೆ ಇರೋದು ಕುದಿಯೋ ನೀರಿಗಿಂತ್ಲೂ ಬಿಸಿ ಪಾಕ. ಮೈಗೆ ಬಿದ್ರೆ ಅಂಟ್ಕೊಂಡು ಸುಡ್ತದೆ, ಒರೆಸೋಕೂ ಆಗಲ್ಲ. ಕೊಪ್ಪರಿಗೆ ಇಳಿಸೋ ಹೊತ್ನಲ್ಲಂತೂ ಒಬ್ಬರ ಕಾಲು ಇನ್ನೊಬ್ಬರ ಕಾಲಿಗೆ ತಾಗಂಗಿಲ್ಲ. ಆ ಟೈಮಲ್ಲಿ ಫ್ಲ್ಯಾಶು ಬೇಡವೇ ಬೇಡ.

ರೀಲ್ ಕಾಲದವ:
ನೀವು ಹೇಳ್ತಿರೋದು ನೂರಕ್ಕೆ ನೂರು ಸರಿ. ಹಿಂದಿನಿಂದ ಇಟ್ಟ ಫ್ಲ್ಯಾಶ್ ಕೆಲಸ ಮಾಡೋರ ಬೆನ್ನಿಗೆ ಬೀಳುತ್ತೆ, ಕಣ್ಣಿಗಲ್ಲ ಅನ್ನೋದು ನನ್ನ ಲೆಕ್ಕ. ಆದ್ರೆ ಕೊಪ್ಪರಿಗೆ ಸುತ್ತ ಜನ ಇರ್ತಾರೆ, ಯಾರದೋ ಒಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತೆ. ಹಾಗಾಗಿ ಒಲೆಗೆ ಸಿಪ್ಪೆ ತಳ್ಳೋ ಜಾಗಕ್ಕೆ, ಅಚ್ಚಿಗೆ ಸುರಿದು ಎಲ್ಲ ಮುಗಿದ ಮೇಲೆ, ಮನೆಯವರನ್ನ ಕೇಳಿ ಮಾತ್ರ. ಪಾಕ ಕುದಿಯುವಾಗ, ಇಳಿಸುವಾಗ ಫ್ಲ್ಯಾಶ್ ಬೇಡ.

ಹೆಜ್ಜಾರ್ಲೆ:
ಹೈದನ ಮಾತಿಗೆ ಒಂದು ಸೇರಿಸ್ತೀನಿ. ಗಾಣದ ಹತ್ರ ಹೋಗುವಾಗ ಕ್ಯಾಮೆರಾ ಬೆಲ್ಟ್ ಕುತ್ತಿಗೆಯಿಂದ ಜೋತಾಡ್ತಾ ಇರಬಾರದು. ದುಪಟ್ಟಾನೂ ಅಷ್ಟೇ. ಉರುಳೆಗೆ ಸಿಕ್ಕಿದ್ರೆ ಮೋಟಾರು ನಿಲ್ಲಿಸೋಷ್ಟು ಹೊತ್ತು ಸಿಗಲ್ಲ. ಬೆಲ್ಟನ್ನ ಕೈಗೆ ಎರಡು ಸುತ್ತು ಸುತ್ಕೊಂಡು, ದೂರದಿಂದ 55ರಲ್ಲಿ ತೆಗೀರಿ.

ಪಾಂಡವಪುರದ ಹೈದ:
ಹೂಂ ಅಕ್ಕ, ಕಬ್ಬು ಕೊಡೋರಿಗೇ ಅದು ದಿನಾ ಹೇಳೋ ಮಾತು.

ನಿಕಾನ್ ನಂಟು:
ಫ್ಲ್ಯಾಶ್ ಕೊಳ್ಳೋ ಮುಂಚೆ ಒಂದು ದೊಡ್ಡ ವಿಷಯ, ಯಾರೂ ಹೇಳಲಿಲ್ಲ. ಕ್ಯಾನನ್ 200ಡಿ ಮಾರ್ಕ್ 2ರ ಹಾಟ್ ಶೂ (ಮೇಲೆ ಫ್ಲ್ಯಾಶ್ ಕೂರಿಸೋ ಜಾಗ) ನೋಡಿ. ನಡುವಿನ ದೊಡ್ಡ ಪಿನ್ನೇ ಇಲ್ಲ! ಬೇರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರೋ, ಎಲ್ಲ ಕಂಪನಿ ಫ್ಲ್ಯಾಶಿಗೂ ಒಂದೇ ಆದ ಪಿನ್ ಅದು. ಅದಿಲ್ಲದೆ ಒಂದೇ ಪಿನ್ನಿನ ಅಗ್ಗದ ಮ್ಯಾನ್ಯುಯಲ್ ಫ್ಲ್ಯಾಶ್, ಅಗ್ಗದ ಟ್ರಿಗರ್ (ದೂರದ ಫ್ಲ್ಯಾಶ್ ಮಿಂಚಿಸೋ ಸಾಧನ) ಯಾವುದೂ ಶೂ ಮೇಲೆ ಕೆಲಸ ಮಾಡಲ್ಲ. ಕ್ಯಾನನ್ ಟಿಟಿಎಲ್ (ಕ್ಯಾಮೆರಾನೇ ಬೆಳಕು ಅಳೆದು ಫ್ಲ್ಯಾಶ್ ಹೊಂದಿಸೋ ವ್ಯವಸ್ಥೆ) ಭಾಷೆ ಬರೋದೇ ಬೇಕು, ಅದಕ್ಕೆ ದುಡ್ಡು ಜಾಸ್ತಿ. ಕೊಳ್ಳುವಾಗ ನಿಮ್ಮ ಕ್ಯಾಮೆರಾ ತಗೊಂಡು ಹೋಗಿ ಅಂಗಡಿಯಲ್ಲೇ ಮಿಂಚಿಸಿ ನೋಡಿ.

ಸಂಜೆಗತ್ತಲು:
ಇದು ನನಗೆ ಗೊತ್ತೇ ಇರಲಿಲ್ಲ. ಕಂಪನಿಯವರು ಒಂದು ಪಿನ್ ಉಳಿಸಿ ಏನು ಸಾಧಿಸಿದ್ರೋ.

ರೀಲ್ ಕಾಲದವ:
ದಾರಿ ಇದೆ. ಗೋಡಾಕ್ಸ್ ಟಿಟಿ600 ಥರದ ಫ್ಲ್ಯಾಶ್‌ಗಳಲ್ಲಿ ಎಸ್1, ಎಸ್2 ಅಂತ ಸ್ಲೇವ್ ಮೋಡ್ ಇರುತ್ತೆ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಮಿಂಚಿದ್ದನ್ನ ಕಂಡು ಅದೂ ಮಿಂಚುತ್ತೆ, ತಂತಿಯೂ ಬೇಡ, ಪಿನ್ನೂ ಬೇಡ. ಎಸ್2 ಇಡಿ. ಯಾಕಂದ್ರೆ ಟಿಟಿಎಲ್ ಮೊದಲು ಒಂದು ಅಳತೆಯ ಮಿಂಚು ಬಿಡುತ್ತೆ, ಎಸ್1 ಆದ್ರೆ ಅದಕ್ಕೇ ಮಿಂಚಿ, ಶಟರ್ ತೆರೆಯೋ ಹೊತ್ತಿಗೆ ಖಾಲಿ. ಪುಟ್ಟ ಫ್ಲ್ಯಾಶಿನ ಬೆಳಕು ಆವಿಗೆ ಬೀಳದ ಹಾಗೆ ಮುಂದೆ ಒಂದು ಬಿಳಿ ರಟ್ಟು ಓರೆಯಾಗಿ ಹಿಡಿದು ಪಕ್ಕಕ್ಕೆ ತಿರುಗಿಸಿ.

ಮತ್ತೆ, ಮನೇಲಿ ಅಟ್ಟದ ಮೇಲೆ ರೀಲ್ ಕಾಲದ ಫ್ಲ್ಯಾಶ್ ಇದ್ರೆ ಡಿಜಿಟಲ್ ಕ್ಯಾಮೆರಾ ಮೇಲೆ ಕೂರಿಸಬೇಡಿ. ಕೆಲವದರ ಟ್ರಿಗರ್ ವೋಲ್ಟೇಜ್ 200 ದಾಟುತ್ತೆ, ಕ್ಯಾಮೆರಾ ಒಳಗಿನ ಸರ್ಕ್ಯೂಟ್ ತಡ್ಕೊಳ್ಳೋದು ಕಷ್ಟ.

ಜೇಬಲ್ಲೇ ಕ್ಯಾಮೆರಾ:
ಇಷ್ಟೆಲ್ಲ ಯಾಕೆ? ಈಗಿನ ಫೋನಿನ ನೈಟ್ ಮೋಡ್ ಹಾಕಿ, ಒಂದು ಒತ್ತು, ಮುಗೀತು. ಕತ್ತಲಲ್ಲೂ ಹಗಲಿನ ಥರ ಬರುತ್ತೆ.

ಐವತ್ತು ಎಂಎಂ:
ನೈಟ್ ಮೋಡ್ ಏನು ಮಾಡುತ್ತೆ ಗೊತ್ತಾ? ಒಂದರ ಹಿಂದೆ ಒಂದು ಹಲವು ಫ್ರೇಮ್ ತೆಗೆದು, ಜೋಡಿಸಿ, ನಾಯ್ಸ್ ಸರಾಸರಿ ಮಾಡುತ್ತೆ. ನಿಂತ ಕಟ್ಟಡಕ್ಕೆ ಬಹಳ ಒಳ್ಳೇದು. ಆವಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಜಾಗ ಬದಲಿಸಿರುತ್ತೆ, ಕೈಯೂ ಬದಲಿಸಿರುತ್ತೆ. ಜೋಡಿಸಿದಾಗ ಸುರುಳಿ ಎಲ್ಲ ಹೋಗಿ ಹತ್ತಿ ಮೆತ್ತಿದಂಗೆ ಉಳಿಯುತ್ತೆ. ಹಗಲಿನ ಥರ ಬರುತ್ತೆ ಅಂದ್ರಲ್ಲ, ಅದೇ ತೊಂದರೆ. ಒಲೆ ಬೆಳಕಿನ ಕತ್ತಲೆ ಕತ್ತಲೆಯಾಗೇ ಇರಬೇಕು.

ಜೇಬಲ್ಲೇ ಕ್ಯಾಮೆರಾ:
ಪ್ರೊ ಮೋಡ್‌ನಲ್ಲಿ ಶಟರ್ 1/100 ಕೊಟ್ಟು ತೆಗೆದ್ರೆ ಜೋಡಿಸಲ್ಲ. ಫೋನನ್ನ ಅಷ್ಟು ಹೀಗಳೀಬೇಡಿ, ಹೈದನೂ ಫೋನಲ್ಲೇ ತೆಗೆದಿದ್ದಾನೆ.

ಪಾಂಡವಪುರದ ಹೈದ:
ಬೆಳಿಗ್ಗೆ ಬಿಸಿಲಲ್ಲಿ ತೆಗೆದಿದ್ದು ಕಣಣ್ಣ. ರಾತ್ರಿದು ನನ್ ಫೋನಲ್ಲೂ ಕಲಸ್ಕೊಂಡೇ ಬತ್ತದೆ.

ಹೆಜ್ಜಾರ್ಲೆ:
ಲೆನ್ಸ್ ಆವಿ ಹಿಡಿಯೋದರ ಬಗ್ಗೆ ಯಾರಾದ್ರೂ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಚಳಿಗಾಲದ ಬೆಳಿಗ್ಗೆ ಬೈಕಲ್ಲಿ ಬಂದು ನೇರ ಒಳಗೆ ಹೋಗಿ ಕ್ಯಾಮೆರಾ ತೆಗೆದ್ರೆ ತಣ್ಣಗಿರೋ ಗಾಜಿನ ಮೇಲೆ ಆವಿ ಹನಿ ಕೂರುತ್ತೆ. ಒರೆಸಿದಷ್ಟೂ ಮತ್ತೆ ಬರುತ್ತೆ. ಕ್ಯಾಮೆರಾನ ಬ್ಯಾಗೊಳಗೇ ಇಟ್ಟು, ಜಿಪ್ ಮುಚ್ಚಿ, ಒಲೆ ಬದಿಯ ಬೆಚ್ಚಗಿರೋ ಜಾಗದಲ್ಲಿ ಇಪ್ಪತ್ತು ನಿಮಿಷ ಬಿಡಿ. ಗಾಜು ಒಳಗಿನ ಗಾಳಿಯಷ್ಟೇ ಬೆಚ್ಚಗಾದ ಮೇಲೆ ಹೊರಗೆ ತೆಗೀರಿ.

ಒಳಗೆ ಲೆನ್ಸ್ ಬದಲಾಯಿಸಬೇಡಿ. ಆವಿ, ಬೂದಿ, ಸಿಪ್ಪೆ ಧೂಳು ಮೂರೂ ಸೆನ್ಸರ್ ಮೇಲೆ ಹೋಗುತ್ತೆ. ಮುಂದೆ ಲೆನ್ಸ್ ಕಾಪಾಡೋಕೆ ಒಂದು ಯುವಿ ಫಿಲ್ಟರ್ ಗಾಜು ಹಾಕಿ. ಬೆಲ್ಲದ ಅಂಟು ಕೂತ್ರೆ ಒಣ ಬಟ್ಟೇಲಿ ಉಜ್ಜಬಾರದು, ಬೂದಿ ಕಣ ಗಾಜು ಕೆರೆಯುತ್ತೆ. ಊದಿ, ಒದ್ದೆ ಬಟ್ಟೇಲಿ ಮೆತ್ತಗೆ ತೆಗೀರಿ.

ಮನೆಗೆ ಬಂದು ಹಾಗೇ ಬ್ಯಾಗಲ್ಲಿ ಬಿಟ್ರೆ ಫಂಗಸ್ ಗ್ಯಾರಂಟಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ, ಒಂದು ತೇವಾಂಶದ ಮೀಟರ್. 40ರಿಂದ 50 ಪರ್ಸೆಂಟಲ್ಲಿ ನಿಲ್ಲಿಸಿ. ಜೆಲ್ ಬಣ್ಣ ಬದಲಾಯಿಸಿದ್ರೆ ಬಿಸಿ ಮಾಡಿ ಮತ್ತೆ ಬಳಸಬಹುದು.

ನಿಕಾನ್ ನಂಟು:
ಹೆಜ್ಜಾರ್ಲೆ ಮೇಡಂ, ನೀವು ಹಕ್ಕಿ ಕಡೆಯವರು ಅಲ್ವಾ? ಒಂದು ಸಂದೇಹ. ರಂಗನತಿಟ್ಟಿನ ದೋಣಿಯಲ್ಲಿ ಫ್ಲ್ಯಾಶ್ ಹಾಕಿದ್ರೆ ಗೂಡಿನ ನೆರಳು ತುಂಬುತ್ತೆ ಅಂತ ಒಬ್ಬರು ಹೇಳಿದ್ರು. ಸರೀನಾ?

ಹೆಜ್ಜಾರ್ಲೆ:
ದಯವಿಟ್ಟು ಬೇಡ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ ಅದು ಪಕ್ಷಿಧಾಮ ಆಯ್ತು, 2022ರಲ್ಲಿ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿದೆ. ಅಲ್ಲಿ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಬಾಯಿಕಳಕ ಎಲ್ಲ ಗೂಡು ಕಟ್ಟೋದೇ ಯಾರೂ ಕೆಣಕಲ್ಲ ಅನ್ನೋ ಧೈರ್ಯದ ಮೇಲೆ. ದೋಣಿ ಹತ್ತಿರಕ್ಕೇ ಹೋಗುತ್ತೆ, ಹಗಲು ಬೆಳಕು ಧಾರಾಳವಾಗಿದೆ. ಶಟರ್ 1/1000 ಇಡಿ, ದೋಣಿ ಅಲುಗಾಟ, ರೆಕ್ಕೆ ಬೀಸು ಎರಡೂ ನಿಲ್ಲುತ್ತೆ. 55-250 ಲೆನ್ಸ್ ಸಾಕು.

ಕೊಕ್ಕರೆ ಬೆಳ್ಳೂರಲ್ಲಂತೂ ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟೋದು. ಮನೆ ಅಂಗಳದಲ್ಲಿ ನಿಂತು ಕತ್ತೆತ್ತಿದ್ರೆ ಮರಿಗಳು ಕಾಣುತ್ತೆ. ತಲೆಮಾರುಗಳಿಂದ ಆ ಊರಿನ ಜನ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಡ್ರೋನ್ ಹಾರಿಸೋಕೆ ಬರೋರನ್ನ ಕಂಡ್ರೆ ನನಗೆ ಸಿಟ್ಟು ನೆತ್ತಿಗೇರುತ್ತೆ.

ಅಗ್ರಹಾರ ಸರ್ಕಲ್:
ಫ್ಲ್ಯಾಶ್ ಮಾತು ಬಂತಲ್ಲ, ಮೈಸೂರು ಅರಮನೆ ದೀಪ ನೋಡೋಕೆ ಹೋದ್ರೆ ಅರ್ಧ ಜನ ಫ್ಲ್ಯಾಶ್ ಹಾಕಿಯೇ ತೆಗೀತಾರೆ. ಫೋನಿನ ದೀಪ ಎರಡು ಮೂರು ಮೀಟರ್ ತಲುಪಿದ್ರೆ ಹೆಚ್ಚು. ಅರಮನೆಗೆ ಏನೂ ಆಗಲ್ಲ, ಮುಂದೆ ನಿಂತಿರೋರ ತಲೆ ಹಿಂಭಾಗ ಬೆಳ್ಳಗೆ ಬರುತ್ತೆ.

ಅರಮನೆಗೆ ಬೇಕಾಗಿರೋದು ಸಮಯ. ಸಾಮಾನ್ಯವಾಗಿ ಭಾನುವಾರ, ಸರ್ಕಾರಿ ರಜಾ ದಿನ ಸಂಜೆ 7ಕ್ಕೆ ದೀಪ ಹತ್ತುತ್ತೆ, ಸುಮಾರು ಒಂದು ಲಕ್ಷ ಬಲ್ಬು. ನವೆಂಬರ್, ಡಿಸೆಂಬರ್‌ನಲ್ಲಿ ಸೂರ್ಯ ಆರಕ್ಕೆಲ್ಲ ಮುಳುಗಿರ್ತಾನೆ, 7ಕ್ಕೆ ಆಕಾಶ ಕಡು ಕಪ್ಪು. ಜೂನ್, ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗೋದೇ 6.50ರ ಹೊತ್ತಿಗೆ. ದೀಪ ಹತ್ತಿದ ಮೊದಲ ಹತ್ತು ನಿಮಿಷ ಹಿಂದಿನ ಆಕಾಶ ಗಾಢ ನೀಲಿ, ಗುಮ್ಮಟದ ಅಂಚು ಬಿಡಿಸಿ ಕಾಣುತ್ತೆ. ಮೋಡ ಇದ್ರೂ ನೀಲಿ ಬರುತ್ತೆ. ದಸರಾ ನೂಕುನುಗ್ಗಲಲ್ಲಿ ಒದ್ದಾಡೋ ಬದಲು ಜೂನ್ ಭಾನುವಾರ ಹೋಗಿ ಅಂತ ಯಾರಿಗಾದ್ರೂ ಹೇಳ್ತೀನಿ.

ಸಂಜೆಗತ್ತಲು:
ಬಲ್ಬುಗಳಿಗೆ ನಕ್ಷತ್ರದ ಕಿರಣ ಬರಿಸೋದು ಹೇಗೆ?

ಅಗ್ರಹಾರ ಸರ್ಕಲ್:
ಎಫ್ 11, 16ಕ್ಕೆ ಇಳಿಸಿ, ಕ್ಯಾಮೆರಾ ಅಲುಗಾಡದ ಹಾಗೆ ಎಲ್ಲಾದರೂ ಊರಿ. ಅಪರ್ಚರ್ ಎಲೆ ಸಮ ಸಂಖ್ಯೆ ಆದ್ರೆ ಅಷ್ಟೇ ಕಿರಣ, ಬೆಸ ಆದ್ರೆ ದುಪ್ಪಟ್ಟು. ಮೇಲೆ ಹೇಳಿದ ಏಳು ಎಲೆಯ 50ರಲ್ಲಿ ಹದಿನಾಲ್ಕು.

ಐವತ್ತು ಎಂಎಂ:
ನೋಡಿದ್ರಾ, ಅರಮನೆಗೂ 50!

ಅಗ್ರಹಾರ ಸರ್ಕಲ್:
ಬಲರಾಮ ದ್ವಾರದ ಕಡೆಯಿಂದ ಪೂರ್ತಿ ಅರಮನೆ 50ರಲ್ಲಿ ಹಿಡಿಸಿ ತೋರಿಸಿ, ಆಮೇಲೆ ಮಾತಾಡೋಣ. ಹತ್ತಿರ ಹೋದ್ರೆ ಅಗಲಕ್ಕೆ ಕಿಟ್ ಲೆನ್ಸಿನ 18ನೇ ಬೇಕು.

ಸೋಮನಾಥಪುರದ ದಾರಿ:
ಸೋಮನಾಥಪುರದ ಕೇಶವ ದೇವಾಲಯದ ಒಳಗಿನ ಛಾವಣಿ ತೆಗೆಯೋರಿಗೂ ಒಂದು ಉಪಾಯ. ಒಳಗೆ ಕತ್ತಲು, ಟ್ರೈಪಾಡ್‌ಗೆ ಪುರಾತತ್ವ ಇಲಾಖೆ ಅನುಮತಿ ಬೇಕು, ಫ್ಲ್ಯಾಶ್ ಹಾಕಿದ್ರೆ ಕೆತ್ತನೆಯ ಆಳವೇ ಸತ್ತುಹೋಗುತ್ತೆ. ಒಂದು ಕರವಸ್ತ್ರ ಹಾಸಿ ಕ್ಯಾಮೆರಾನ ನೆಲದ ಮೇಲೆ ಬೆನ್ನು ಕೆಳಗೆ ಮಾಡಿ ಮಲಗಿಸಿ, 2 ಸೆಕೆಂಡ್ ಟೈಮರ್, ಐಎಸ್‌ಓ 100. ಛಾವಣಿಯ ಬಾಳೆಮೊಗ್ಗಿನ ಒಂದೊಂದು ಪದರವೂ ಬರುತ್ತೆ. ಜನ ಕಮ್ಮಿ ಇರೋ ಹೊತ್ತಲ್ಲಿ ಮಾಡಿ, ಓಡಾಡೋರಿಗೆ ಅಡ್ಡ ಆಗಬಾರದು.

ಮೈಸೂರು ಮಳೆ:
ಎಲ್ಲ ಬರೆದಿಟ್ಕೋತಾ ಇದ್ದೀನಿ. ಮತ್ತೆ ಆಲೆಮನೆಗೆ ಬರೋಣ. ಒಲೆ ಬಾಯಿ ಫ್ರೇಮಲ್ಲಿ ಇದ್ದಾಗ ಬೆಂಕಿ ಬರೀ ಹಳದಿ ತೇಪೆ ಆಗುತ್ತೆ. ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ, ಬಲಕ್ಕೆ ಹೋದಷ್ಟೂ ಪ್ರಕಾಶ) ನೋಡಿದ್ರೆ ಬಲಗಡೆ ಮುಟ್ಟಿರಲ್ಲ. ಯಾಕೆ?

ಬಿಟ್‌ಬೆಳಕು:
ನೀವು ನೋಡ್ತಿರೋದು ಒಟ್ಟು ಬೆಳಕಿನ ಹಿಸ್ಟೋಗ್ರಾಂ. ಬೆಂಕಿಯಲ್ಲಿ ಕೆಂಪು ಚಾನೆಲ್ ಮೊದಲು ತುಂಬಿ ಹರಿದಿರುತ್ತೆ, ಹಸಿರು, ನೀಲಿ ಇನ್ನೂ ಕೆಳಗಿರುತ್ತೆ. ಒಟ್ಟು ಮಾಡಿದಾಗ ಎಲ್ಲ ಸರಿಯಿದೆ ಅಂತ ಕಾಣುತ್ತೆ. ಕೆಂಪು ನಿಂತ ಮೇಲೆ ಹಸಿರು ಏರ್ತಾ ಹೋದ್ರೆ ಕೇಸರಿ ಹೋಗಿ ಹಳದಿ ಆಗುತ್ತೆ. ಪ್ಲೇಬ್ಯಾಕ್‌ನಲ್ಲಿ ಆರ್‌ಜಿಬಿ (ಮೂರು ಬಣ್ಣ ಬೇರೆ ಬೇರೆ ತೋರಿಸೋ) ಹಿಸ್ಟೋಗ್ರಾಂ ಹಾಕಿ, ಕೆಂಪು ಗೆರೆ ಬಲ ಅಂಚಿಗೆ ಗೋಡೆ ಕಟ್ಟದ ಹಾಗೆ ಒಂದು, ಒಂದೂವರೆ ಸ್ಟಾಪ್ ಇಳಿಸಿ.

ಇಳಿಸಿದಾಗ ನೆರಳು ಕಪ್ಪಾಗುತ್ತೆ, ಅದಕ್ಕೆ ರಾ ಫೈಲ್ (ಸೆನ್ಸರ್ ಕೊಟ್ಟ ಹಸಿ ಮಾಹಿತಿ) ಬೇಕೇ ಬೇಕು. ಜೆಪೆಗ್ 8 ಬಿಟ್, ಒಂದು ಬಣ್ಣಕ್ಕೆ 256 ಮೆಟ್ಟಿಲು. ನಿಮ್ಮ ಕ್ಯಾಮೆರಾದ ರಾ 14 ಬಿಟ್, 16,384 ಮೆಟ್ಟಿಲು. ಕಂಪ್ಯೂಟರಲ್ಲಿ ನೆರಳು ಎತ್ತಿದಾಗ ಜೆಪೆಗ್ ಪಟ್ಟೆಪಟ್ಟೆ ಆಗುತ್ತೆ, ರಾ ತಡ್ಕೊಳ್ಳುತ್ತೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬಿಡಬೇಡಿ, ಅದು ಬೆಂಕಿಯ ಬೆಚ್ಚನೆ ಬಣ್ಣ ತೊಳೆದುಹಾಕೋಕೆ ನೋಡುತ್ತೆ.

ಇನ್ನೊಂದು, ಮಾಡಿನ ಕೆಳಗೆ ಎಲ್‌ಇಡಿ ಬಲ್ಬ್ ಇದ್ದೇ ಇರುತ್ತೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬ್ ಸೆಕೆಂಡಿಗೆ ನೂರು ಸಲ ಮಿಡಿಯುತ್ತೆ. ಶಟರ್ 1/100 ಅಥವಾ 1/50 ಇಟ್ರೆ ಒಂದೇ ಸಮ ಬರುತ್ತೆ. 1/500 ಇಟ್ರೆ ಒಂದು ಫೋಟೊ ಬೆಳಕು, ಇನ್ನೊಂದು ಮಂಕು.

ಐವತ್ತು ಎಂಎಂ:
ಹಾಗಾದ್ರೆ ನಾನು ಹೇಳಿದ 1/250 ಒಲೆ ಬೆಳಕಿಗೆ, ಬಲ್ಬ್ ಉರೀತಿದ್ರೆ 1/100. ಒಳ್ಳೇ ಮಾತು.

ರೀಲ್ ಕಾಲದವ:
ಆವಿ ನಡುವೆ ಆಟೋ ಫೋಕಸ್ ಹುಡುಕಾಡ್ತಾನೇ ಇರುತ್ತೆ. ಒಂದೇ ನಡುವಿನ ಪಾಯಿಂಟ್ ಇಟ್ಕೊಂಡು ಕೊಪ್ಪರಿಗೆಯ ಅಂಚು, ಸೌಟಿನ ಹಿಡಿ, ಅಂಗಿಯ ಗುಂಡಿ ಹೀಗೆ ಗೆರೆ ಇರೋ ಕಡೆ ಹಿಡೀರಿ.

ಮೈಸೂರು ಮಳೆ:
ಸರಿ, ನಿರ್ಧಾರ ಮಾಡಿದೆ. 50 ಎಸ್‌ಟಿಎಂ ಸೆಕೆಂಡ್ ಹ್ಯಾಂಡ್ ಹುಡುಕ್ತೀನಿ. ಫ್ಲ್ಯಾಶ್ ಈಗ ಬೇಡ. ಉಳಿದ ದುಡ್ಡಲ್ಲಿ ಯುವಿ ಫಿಲ್ಟರ್, ಡಬ್ಬ, ಮತ್ತೆ ತೆಗೆದ ಫೋಟೊಗಳ ಪ್ರಿಂಟ್ ಹಾಕಿಸಿ ಅಲ್ಲಿ ಕೆಲಸ ಮಾಡೋರಿಗೆ ಕೊಡಬೇಕು. ಹಳೇ ಲೆನ್ಸಲ್ಲಿ ಏನೇನು ನೋಡ್ಬೇಕು?

ಹೆಜ್ಜಾರ್ಲೆ:
ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆ ಥರ ಎಳೆ ಕಂಡ್ರೆ ಫಂಗಸ್, ಬಿಟ್ಟುಬಿಡಿ. ಒಂದೆರಡು ಧೂಳಿನ ಕಣ ಇದ್ರೆ ಚಿಂತೆ ಇಲ್ಲ. ಎಲೆಗಳ ಮೇಲೆ ಎಣ್ಣೆ ಪಸೆ ಇದೆಯಾ ನೋಡಿ. ಕ್ಯಾಮೆರಾಗೆ ಹಾಕಿ ಎಫ್ 1.8, 2.8, 8 ಮೂರರಲ್ಲೂ ತೆಗೆದು ದೊಡ್ಡದು ಮಾಡಿ ನೋಡಿ.

ನಿಕಾನ್ ನಂಟು:
ಈ ಥ್ರೆಡ್ ಓದೋ ನಿಕಾನ್‌ನವರಿಗೆ: ಡಿ3500, ಡಿ5600 ಇರೋರು ಅಗ್ಗ ಸಿಕ್ತು ಅಂತ 50 ಎಂಎಂ 1.8ಡಿ ಕೊಳ್ಳಬೇಡಿ. ಆ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಕೈಯಲ್ಲೇ ತಿರುಗಿಸಬೇಕು. 35 ಎಂಎಂ 1.8ಜಿ ತಗೊಳ್ಳಿ, ನಮ್ಮ ಸೆನ್ಸರಲ್ಲಿ 52ರ ನೋಟ, ಆಲೆಮನೆಗೂ ಅದೇ ವಾಸಿ.

ಪಾಂಡವಪುರದ ಹೈದ:
ಪ್ರಿಂಟ್ ಕೊಡ್ತೀನಿ ಅಂದ್ರಲ್ಲ ಅಕ್ಕ, ತುಂಬಾ ಖುಷಿ ಆಯ್ತು. ಎಷ್ಟೋ ಜನ ಬಂದು ತಕ್ಕೊಂಡು ಹೋದ್ರು, ಒಂದು ಫೋಟೊನೂ ವಾಪಸ್ ಬಂದಿಲ್ಲ. ಒಲೆ ಮುಂದೆ ಕೂತು ಸಿಪ್ಪೆ ಹಾಕೋರ ಫೋಟೊ ಮೊದ್ಲು ತೆಗೀರಿ, ಅವರನ್ನ ಯಾರೂ ತೆಗೆಯಲ್ಲ, ಎಲ್ಲರೂ ಕೊಪ್ಪರಿಗೆ ಕಡೇನೇ ನೋಡ್ತಾರೆ. ಬೆಂಕಿ ಬೆಳಕು ನೇರವಾಗಿ ಅವರ ಮುಖದ ಮೇಲೇ ಬೀಳ್ತದೆ, ಬೇರೆ ಬೆಳಕೇ ಬೇಡ.

ಮೈಸೂರು ಮಳೆ:
ಖಂಡಿತ. ಯಾವಾಗ ಬಂದ್ರೆ ಒಳ್ಳೇದು?

ಪಾಂಡವಪುರದ ಹೈದ:
ಮಳೆ ಬಂದ ಮಾರನೇ ದಿನ ಮಾತ್ರ ಬರಬೇಡಿ. ಸಿಪ್ಪೆ ಒದ್ದೆ ಆಗಿದ್ರೆ ಒಲೆ ಹತ್ತಲ್ಲ, ಗಾಣನೂ ಆಡಲ್ಲ. ಎರಡು ಮೂರು ದಿನ ಒಳ್ಳೇ ಬಿಸಿಲು ಬಿದ್ದಿರೋದು ನೋಡ್ಕೊಂಡು, ಬೆಳಿಗ್ಗೆ ಏಳರೊಳಗೆ ಬನ್ನಿ. ಹಿಂದಿನ ದಿನ ಇಲ್ಲೇ ಒಂದ್ ಮಾತು ಹಾಕಿ, ಗಾಣ ಆಡ್ತದೋ ಇಲ್ವೋ ಹೇಳ್ತೀನಿ.